ಒತ್ತೆಹಣಕ್ಕಾಗಿ ಅಪಹರಣ: ಮೊದಲು, ಆಗ, ಆಮೇಲೆ ಏನು ಮಾಡಬೇಕು

ದುಡ್ಡಿಗಾಗಿ ಮಾಡುವ ಅಪಹರಣ ಅಂದರೆ ವ್ಯಾಪಾರ. ಕೇಳೋಕೆ ಕ್ರೂರ ಅನ್ನಿಸುತ್ತದೆ, ಆದರೆ ಇದೊಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಹಿಡಿದುಕೊಂಡು ಹೋದವರಿಗೆ ದುಡ್ಡು ಸಿಗಬೇಕಾದರೆ ಒತ್ತೆಯಾಳು ಬದುಕಿರಬೇಕು, ಹಾಗಾಗಿ ಇಂಥ ಪ್ರಕರಣಗಳಲ್ಲಿ ಹೆಚ್ಚಿನವರು ಜೀವಂತವಾಗಿ ಮನೆಗೆ ಬರುತ್ತಾರೆ. ಜೀವಕ್ಕೆ ಜಾಸ್ತಿ ಅಪಾಯ ಇರುವುದು ಶುರುವಿನ ಕೆಲವು ನಿಮಿಷಗಳಲ್ಲಿ ಮತ್ತು ಕೊನೆಯಲ್ಲಿ ಪೊಲೀಸರ ದಾಳಿ ನಡೆದಾಗ. ನಡುವಿನ ದಿನಗಳಲ್ಲಿ ಕೆಲಸ ಕೆಡಿಸುವುದು ಮಾತ್ರ ಆತುರ. ಅದೂ ಬಹಳ ಸಲ ನಮ್ಮ ಕಡೆಯ ಆತುರವೇ.

ಹಂತ 1: ಅವರ ಪಟ್ಟಿಯಲ್ಲಿ ಕಷ್ಟದ ಗಿರಾಕಿ ಆಗಿ

ಯಾರನ್ನೋ ಕಣ್ಣುಮುಚ್ಚಿ ಎತ್ತಿಕೊಂಡು ಹೋಗುವುದು ಕಡಿಮೆ. ಸಾಮಾನ್ಯವಾಗಿ ಮೂರ್ನಾಲ್ಕು ಹೆಸರು ಮನಸ್ಸಿನಲ್ಲಿ ಇಟ್ಟುಕೊಂಡು, ಅವರ ಹಿಂದೆ ಕೆಲವು ದಿನ ಓಡಾಡಿ ನೋಡುತ್ತಾರೆ. ಯಾರ ಹತ್ತಿರ ಬೇಗ ಕೈಗೆ ಬರುವ ದುಡ್ಡಿದೆ? ಯಾರು ದಿನಾ ಒಂದೇ ಹೊತ್ತಿಗೆ ಮನೆ ಬಿಡುತ್ತಾರೆ? ಯಾರು ಗೇಟಿನ ಮುಂದೆ ನಿಂತು ತಲೆ ಬಗ್ಗಿಸಿ ಫೋನ್ ನೋಡುತ್ತಾರೆ? ಕಷ್ಟ ಅನ್ನಿಸಿದವರನ್ನು ಬಿಟ್ಟು ಸುಲಭಕ್ಕೆ ಸಿಗುವವರ ಕಡೆ ಹೋಗುತ್ತಾರೆ.

ಎಲ್ಲರೂ ಕೊಡುವ ಸಲಹೆ ಒಂದಿದೆ: ದಾರಿ ಬದಲಿಸಿ, ಸಮಯ ಬದಲಿಸಿ. ಸರಿಯಾದ ಸಲಹೆಯೇ, ಆದರೆ ಅರ್ಧ ಮಾತ್ರ. ನೀವು ಹತ್ತು ದಾರಿ ಬದಲಿಸಿದರೂ ಮನೆ ಗೇಟಿನ ಮುಂದಿನ ನೂರು ಮೀಟರ್ ಬದಲಾಗುವುದಿಲ್ಲ, ಆಫೀಸಿನ ಬಾಗಿಲೂ ಬದಲಾಗುವುದಿಲ್ಲ. ಬಿಯರ್ ಕಂಪನಿಯ ಮಾಲೀಕ ಫ್ರೆಡ್ಡಿ ಹೈನೆಕೆನ್ ಅವರನ್ನು 1983ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಿಡಿದದ್ದು ಅವರ ಆಫೀಸಿನ ಮುಂದೆಯೇ, ಡ್ರೈವರ್ ಸಮೇತ. ಜರ್ಮನಿಯಲ್ಲಿ ಸಿಗರೇಟು ಕಂಪನಿಯ ಮನೆತನದ ಶ್ರೀಮಂತ ಯಾನ್ ಫಿಲಿಪ್ ರೀಮ್ಟ್ಸ್‌ಮಾ ಅವರನ್ನು 1996ರಲ್ಲಿ ಎತ್ತಿಕೊಂಡು ಹೋದದ್ದು ಅವರ ಸ್ವಂತ ಜಾಗದಿಂದ. 1974ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಧಾನ್ಯ ವ್ಯಾಪಾರದ ದೊಡ್ಡ ಶ್ರೀಮಂತರಾದ ಬೋರ್ನ್ ಸಹೋದರರ ಕಾರನ್ನು ವೇಷ ಹಾಕಿಕೊಂಡವರು ಪಕ್ಕದ ರಸ್ತೆಗೆ ತಿರುಗಿಸಿ ಹಿಡಿದರು. ಅಲ್ಲಿ ಡ್ರೈವರ್ ಪ್ರಾಣ ಹೋಯಿತು. ಹಾಗಾಗಿ ಇಡೀ ದಿನ ಬೆದರಿ ಓಡಾಡಬೇಕಾಗಿಲ್ಲ. ಎಲ್ಲಿ ನೀವು ಖಂಡಿತ ಬಂದೇ ಬರುತ್ತೀರೋ ಆ ಎರಡು ಮೂರು ಜಾಗಗಳಲ್ಲಿ ಮಾತ್ರ ಫೋನ್ ಜೇಬಿನಲ್ಲಿಡಿ, ತಲೆ ಎತ್ತಿ ನೋಡಿ.

ಏನು ನೋಡಬೇಕು? ಒಂದೇ ಮುಖ ಅಥವಾ ಒಂದೇ ಗಾಡಿ, ಬೇರೆ ಬೇರೆ ಹೊತ್ತಿನಲ್ಲಿ, ಸಂಬಂಧವೇ ಇಲ್ಲದ ಎರಡು ಜಾಗಗಳಲ್ಲಿ ಕಂಡರೆ ಅದು ಕಾಕತಾಳೀಯ ಅಂತ ಬಿಡಬೇಡಿ. ನಂಬರ್, ಬಣ್ಣ, ಹೊತ್ತು ಬರೆದಿಟ್ಟುಕೊಳ್ಳಿ. ಗಾಡಿಯೊಂದು ಹಿಂದೆ ಬರುತ್ತಿದೆ ಅನ್ನಿಸಿದರೆ ಸುಮ್ನೆ ಒಂದು ಸುತ್ತು ಹಾಕಿ, ಆಗಲೂ ಹಿಂದೆಯೇ ಇದ್ದರೆ ಮನೆಗೆ ಹೋಗದೆ ಸೀದಾ ಪೊಲೀಸ್ ಠಾಣೆಗೋ ಜನ ಇರುವ ಜಾಗಕ್ಕೋ ಹೋಗಿ.

ಕಾರಿನಲ್ಲಿ ಹೋಗುವವರಿಗೆ ಎರಡು ಅಭ್ಯಾಸ ಸಾಕು. ಬಾಗಿಲು ಲಾಕ್ ಇರಲಿ. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಗಾಡಿಯ ಹಿಂದಿನ ಚಕ್ರ ರಸ್ತೆಗೆ ತಾಗಿರುವುದು ಕಾಣುವಷ್ಟು ಜಾಗ ಬಿಡಿ, ಆಗ ಹಿಂದೆ ಮುಂದೆ ಮಾಡದೆ ಸ್ಟಿಯರಿಂಗ್ ತಿರುಗಿಸಿ ಹೊರಗೆ ಬರಬಹುದು. ನಿರ್ಜನ ಜಾಗದಲ್ಲಿ ಹಿಂದಿನಿಂದ ಯಾರಾದರೂ ಮೆಲ್ಲಗೆ ಗುದ್ದಿದರೆ ಇಳಿದು ಜಗಳ ಆಡಲು ಹೋಗಬೇಡಿ. ಬೆಳಕಿರುವ, ಜನರಿರುವ ಕಡೆ ಹೋಗಿ ನಿಲ್ಲಿಸಿ.

ಇನ್ನು ಮಾಹಿತಿ. ಬಹಳಷ್ಟು ಪ್ರಕರಣಗಳಲ್ಲಿ ಸುದ್ದಿ ಹೊರಗೆ ಹೋಗುವುದು ಪರಿಚಯದವರಿಂದಲೇ. ಅದಕ್ಕೆ ಮನೆ ಕೆಲಸದವರನ್ನೆಲ್ಲ ಅನುಮಾನದಿಂದ ನೋಡುವುದು ನನಗಂತೂ ಸರಿ ಕಾಣುವುದಿಲ್ಲ. ಎಷ್ಟೋ ಸಲ ಸುದ್ದಿ ಹಬ್ಬಿಸಿದವರು ನಾವೇ ಆಗಿರುತ್ತೇವೆ. ಜಾಗ ಮಾರಿದ ದುಡ್ಡಿನ ಮಾತನ್ನು ಎಲ್ಲರೆದುರು ಆಡುವುದು, ಹೊಸ ಕಾರಿನ ನಂಬರ್ ಪ್ಲೇಟ್ ಕಾಣುವಂತೆ ಫೋಟೋ ಹಾಕುವುದು, ಮಗುವಿನ ಶಾಲೆಯ ಯೂನಿಫಾರ್ಮ್ ಕಾಣುವ ಚಿತ್ರ, "ಇಡೀ ವಾರ ಇಲ್ಲಿದ್ದೇವೆ" ಅನ್ನುವ ಪೋಸ್ಟ್. ಪ್ರವಾಸದ ಫೋಟೋ ಹಾಕಲೇಬೇಕಾದರೆ ವಾಪಸ್ ಬಂದ ಮೇಲೆ ಹಾಕಿ.

ಹಂತ 2: ಒಂದು ಲಕೋಟೆ ತಯಾರಿಡಿ

ಇದು ಅರ್ಧ ಗಂಟೆಯ ಕೆಲಸ, ಆದರೆ ಯಾರೂ ಮಾಡುವುದಿಲ್ಲ. ಮನೆಯ ಪ್ರತಿಯೊಬ್ಬ ದೊಡ್ಡವರಿಗೂ ಒಂದೊಂದು ಹಾಳೆ: ಇತ್ತೀಚಿನ ಫೋಟೋ, ಮೈಮೇಲಿನ ಗುರುತುಗಳು, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ, ಕನ್ನಡಕದ ನಂಬರ್, ಫೋನಿನ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆ ಬೇರೆಯಾಗಿರುವ ಗುರುತಿನ ಸಂಖ್ಯೆ), ಗಾಡಿ ನಂಬರ್. ಇದರ ಜೊತೆಗೆ, ಅಪಹರಣ ಆದರೆ ಆ ವ್ಯಕ್ತಿ ಬದುಕಿದ್ದಾರೆ ಅಂತ ಖಚಿತ ಮಾಡಿಕೊಳ್ಳಲು ಮೂರು ಪ್ರಶ್ನೆ, ಮೂರು ಉತ್ತರ. ಆ ಉತ್ತರ ಆ ವ್ಯಕ್ತಿಗೆ ಮಾತ್ರ ಗೊತ್ತಿರಬೇಕು. ಹುಟ್ಟಿದ ದಿನ, ಸಾಕಿದ ನಾಯಿಯ ಹೆಸರು ಇವೆಲ್ಲ ಬೇಡ, ಅವು ಇಂಟರ್‌ನೆಟ್‌ನಲ್ಲೇ ಸಿಗುತ್ತವೆ.

ಇನ್ನೆರಡು ವಿಷಯ ಈಗಲೇ ತೀರ್ಮಾನ ಆಗಿರಲಿ. ಒಂದು, ಮನೆಯವರೆಲ್ಲ ನೆನಪಿಡುವ ಒಂದು ಗುಟ್ಟಿನ ಪದ. ಮಾಮೂಲಿ ಮಾತಿನ ನಡುವೆ ಅದು ಬಂದರೆ "ನಾನು ಅಪಾಯದಲ್ಲಿದ್ದೇನೆ" ಅಂತ ಅರ್ಥ. ಇನ್ನೊಂದು, ಬ್ಯಾಂಕ್ ಖಾತೆ. ದುಡ್ಡೆಲ್ಲ ಒಬ್ಬರ ಹೆಸರಿನಲ್ಲೇ ಇದ್ದು, ಅವರೇ ಅಪಹರಣ ಆದರೆ ಸಹಿ ಹಾಕುವವರು ಯಾರು? ಈ ಪ್ರಶ್ನೆ ಮೊದಲ ಕರೆ ಬಂದ ಮೇಲೆ ಹೊಳೆದರೆ ಕಷ್ಟ.

ಹಂತ 3: ಹಿಡಿಯುವ ಕ್ಷಣ

ಇಲ್ಲಿ ಎಲ್ಲರಿಗೂ ಒಪ್ಪುವ ಒಂದೇ ನಿಯಮ ಇಲ್ಲ. ಸುತ್ತ ಜನರಿದ್ದು, ಎದುರಿಗಿದ್ದವರ ಕೈಯಲ್ಲಿ ಆಯುಧ ಕಾಣದಿದ್ದು, ಓಡಲು ದಾರಿಯಿದ್ದರೆ ಓಡಿ, ಕೂಗಿ, ಗದ್ದಲ ಎಬ್ಬಿಸಿ. ಅದನ್ನು ಮೊದಲ ಕೆಲವು ಸೆಕೆಂಡಿನಲ್ಲೇ ಮಾಡಬೇಕು. ಬಂದೂಕು ತೋರಿಸಿದ್ದಾರೆ ಅಥವಾ ಗಾಡಿಯೊಳಗೆ ತಳ್ಳಿಯಾಗಿದೆ ಅಂದರೆ ಆ ಅವಕಾಶ ಮುಗಿಯಿತು, ಅಲ್ಲಿಂದ ಮುಂದೆ ಕೈ ಎತ್ತಿ ಅವರು ಹೇಳಿದಂತೆ ಮಾಡಿ. ಆ ಹೊತ್ತಿನಲ್ಲಿ ಅವರಿಗೂ ನಿಮ್ಮಷ್ಟೇ ಹೆದರಿಕೆ ಇರುತ್ತದೆ, ಕೈ ನಡುಗುತ್ತಿರುತ್ತದೆ, ಬೆರಳು ಟ್ರಿಗರ್ ಮೇಲಿರುತ್ತದೆ. ಜೇಬಿಗೆ ಕೈ ಹಾಕುವ ಮುಂಚೆ ಬಾಯಿಬಿಟ್ಟು ಹೇಳಿ: "ಕನ್ನಡಕ ತೆಗೀತಿದೀನಿ."

ಮುಖ ದಿಟ್ಟಿಸಬೇಡಿ. "ನಿನ್ನ ಗುರುತು ಸಿಕ್ಕಿತು" ಅಂತ ಅಪ್ಪಿತಪ್ಪಿಯೂ ಹೇಳಬೇಡಿ. ಕಣ್ಣು ಕಟ್ಟಿದ್ದರೆ ಬಿಚ್ಚಲು ನೋಡಬೇಡಿ. ಕಣ್ಣು ಕಟ್ಟಿದ್ದಾರೆ, ಮುಖ ಮುಚ್ಚಿಕೊಂಡಿದ್ದಾರೆ ಅಂದರೆ ಅದು ಒಳ್ಳೆಯ ಸೂಚನೆಯೇ, ನಿಮ್ಮನ್ನು ಬಿಡುವ ಯೋಚನೆ ಇರುವುದಕ್ಕೇ ಗುರುತು ಸಿಗದಂತೆ ನೋಡಿಕೊಳ್ಳುತ್ತಿದ್ದಾರೆ. ಕಿವಿ ಮಾತ್ರ ತೆರೆದಿರಲಿ. ರೈಲಿನ ಸದ್ದು, ರಸ್ತೆಯ ಉಬ್ಬು, ಎಷ್ಟು ಹೊತ್ತು ಹೋದಿರಿ, ಯಾರು ಯಾರನ್ನು ಏನಂತ ಕರೆದರು.

ಎಟಿಎಂಗೆ ಕರೆದೊಯ್ದು ದುಡ್ಡು ತೆಗೆಸಿ ಬಿಟ್ಟುಬಿಡುವ ಅವಸರದ ಅಪಹರಣವೂ ಇದೆ. ಇಂಥದ್ದರಲ್ಲಿ ಯೋಚನೆಯೇ ಬೇಡ, ಪಿನ್ ಹೇಳಿ, ಫೋನ್ ಕೊಡಿ. ದಿನಕ್ಕೆ ತೆಗೆಯಬಹುದಾದ ಮಿತಿಯನ್ನು ಮೊದಲೇ ಕಡಿಮೆ ಇಟ್ಟಿದ್ದರೆ ನಷ್ಟವೂ ಅಷ್ಟರಲ್ಲೇ ಮುಗಿಯುತ್ತದೆ.

ಹಂತ 4: ಒಳಗಿರುವ ದಿನಗಳು

ದಿನ ಲೆಕ್ಕ ಇಡಿ. ಕೊಟ್ಟದ್ದನ್ನು ತಿನ್ನಿ, ಹಸಿವಿಲ್ಲದಿದ್ದರೂ ತಿನ್ನಿ. ಸರಪಳಿ ಹಾಕಿದ್ದರೂ ಕೂತಲ್ಲೇ ಕೈಕಾಲು ಆಡಿಸಿ. ಇಂಗ್ಲೆಂಡಿನ ಚರ್ಚಿನ ದೂತ ಟೆರ್ರಿ ವೇಟ್ 1987ರ ಜನವರಿಯಲ್ಲಿ ಬೇರೆ ಒತ್ತೆಯಾಳುಗಳ ಬಿಡುಗಡೆಗೆ ಮಾತಾಡಲು ಲೆಬನಾನ್‌ನ ಬೈರೂತ್‌ಗೆ ಹೋದವರು ತಾವೇ ಒತ್ತೆಯಾಳಾದರು, 1763 ದಿನ ಒಳಗಿದ್ದರು. ಅದರಲ್ಲಿ ನಾಲ್ಕು ವರ್ಷದ ಹತ್ತಿರ ಒಂಟಿಯಾಗಿ. ಕಾಗದ, ಪೆನ್ನು ಇಲ್ಲದೆ ತಮ್ಮ ಜೀವನಕಥೆಯನ್ನು ತಲೆಯೊಳಗೇ ಬರೆಯುತ್ತಾ ಹೋದರು. ಅವರದು ದುಡ್ಡಿನ ಪ್ರಕರಣ ಅಲ್ಲ, ಆದರೆ ತಲೆಗೆ ಕೆಲಸ ಕೊಡುವ ಉಪಾಯ ಎಲ್ಲ ಕಡೆಯೂ ಒಂದೇ. ಮನಸ್ಸಿನಲ್ಲೇ ಮನೆ ಕಟ್ಟಿಸಿ, ಲೆಕ್ಕ ಮಾಡಿ, ಓದಿದ್ದನ್ನು ಮೊದಲಿನಿಂದ ನೆನಪಿಸಿಕೊಳ್ಳಿ.

ಕಾವಲಿನವರ ಜೊತೆ ಮಾತು ಬೆಳೆದರೆ ಒಳ್ಳೆಯದೇ. ರಾಜಕೀಯ, ಧರ್ಮ ಬೇಡ. ಮಕ್ಕಳು, ಆಟ, ಹವಾಮಾನ, ಮಾತ್ರೆ ಬೇಕು ಅನ್ನುವ ಸಣ್ಣ ಕೋರಿಕೆ ಸಾಕು. ಅವರ ಕಣ್ಣಿಗೆ ನೀವು ಹೆಸರಿರುವ ಮನುಷ್ಯ ಆದಷ್ಟೂ ಏಟು ಕೊಡುವ ಕೈ ಹಿಂಜರಿಯುತ್ತದೆ. ತೀರಾ ಅಂಗಲಾಚಬೇಡಿ, ಸೊಕ್ಕೂ ತೋರಿಸಬೇಡಿ.

ಒಂದು ಕೆಲಸ ಮಾತ್ರ ಖಂಡಿತ ಮಾಡಬೇಡಿ: ನಿಮ್ಮ ಬೆಲೆಯನ್ನು ನೀವೇ ಹೇಳುವುದು. "ನನ್ನ ಹತ್ರ ಇಷ್ಟಿದೆ, ಕೊಡಿಸ್ತೀನಿ ಬಿಡಿ" ಅಂದ ಕೂಡಲೇ ಆ ಮೊತ್ತದಿಂದಲೇ ಮಾತು ಶುರುವಾಗುತ್ತದೆ, ಹೊರಗೆ ಮನೆಯವರು ಕಷ್ಟಪಟ್ಟು ಹಿಡಿದಿಟ್ಟದ್ದೆಲ್ಲ ನೀರುಪಾಲು. "ದುಡ್ಡಿನ ವಿಚಾರ ನನಗೆ ಗೊತ್ತಿಲ್ಲ, ಮನೆಯವರು ನೋಡ್ಕೋತಾರೆ" ಅನ್ನಿ, ಅದನ್ನೇ ಮತ್ತೆ ಮತ್ತೆ ಅನ್ನಿ.

ತಪ್ಪಿಸಿಕೊಳ್ಳುವ ಯೋಚನೆ ಎಲ್ಲರಿಗೂ ಬರುತ್ತದೆ. ಹೊರಗೆ ಏನಿದೆ, ಎಷ್ಟು ದೂರ ಓಡಬೇಕು, ಯಾರ ಮನೆ ಬಾಗಿಲು ತಟ್ಟಬೇಕು ಅಂತ ಗೊತ್ತಿಲ್ಲದೆ ಓಡಿದರೆ ಸಿಕ್ಕಿಬೀಳುವುದೇ ಜಾಸ್ತಿ. ಸಿಕ್ಕಿಬಿದ್ದ ಮೇಲೆ ಮೊದಲಿಗಿಂತ ಕೆಟ್ಟದಾಗಿ ನೋಡಿಕೊಳ್ಳುತ್ತಾರೆ.

ಹಂತ 5: ಮನೆಯವರಿಗೆ, ಮೊದಲ ಕರೆ

ಫೋನ್ ಬರುವ ಮುಂಚೆಯೇ ಅನುಮಾನ ಬಂದಿದ್ದರೆ ಇಷ್ಟು ಮಾಡಿ. ಪೊಲೀಸರಿಗೆ ಹೇಳಿ. "ಹೇಳಿದರೆ ಕೊಲ್ಲುತ್ತೇವೆ" ಅನ್ನುವುದು ಎಲ್ಲ ಅಪಹರಣಕಾರರ ಮೊದಲ ಡೈಲಾಗ್, ಅದಕ್ಕೆ ಹೆದರಬೇಡಿ. ಆದರೆ ಸಮವಸ್ತ್ರದವರು ಜೀಪಿನಲ್ಲಿ ಮನೆ ಮುಂದೆ ಬಂದು ನಿಲ್ಲುವುದು ಬೇಡ ಅಂತ ಮೊದಲೇ ಕೇಳಿಕೊಳ್ಳಿ. ಮಾಧ್ಯಮಕ್ಕೆ, ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಅಕ್ಷರವೂ ಹೋಗಬಾರದು. ಸುದ್ದಿ ದೊಡ್ಡದಾದಷ್ಟೂ ಬೆಲೆ ಏರುತ್ತದೆ.

ಆಮೇಲೆ ಕೆಲಸ ಹಂಚಿಕೊಳ್ಳಿ. ಮಾತಾಡುವವರು ಒಬ್ಬರು, ತೀರ್ಮಾನ ಮಾಡುವವರು ಬೇರೆಯವರು. ಇದು ಎಲ್ಲಕ್ಕಿಂತ ಮುಖ್ಯ. ದುಡ್ಡಿನ ಮಾಲೀಕರೇ ಫೋನ್ ಎತ್ತಿದರೆ "ಕೊಡ್ತೀಯೋ ಇಲ್ವೋ, ಈಗಲೇ ಹೇಳು" ಅಂತ ಹಿಡಿಯುತ್ತಾರೆ. ಬೇರೆಯವರಾದರೆ "ಕೇಳಿ ಹೇಳ್ತೀನಿ" ಅನ್ನಬಹುದು. ಹೆಂಡತಿ, ಗಂಡ, ತಾಯಿ ಇವರನ್ನು ಫೋನಿನ ಮುಂದೆ ಕೂರಿಸಬೇಡಿ, ಅವರಿಂದ ಆಗುವ ಕೆಲಸ ಅಲ್ಲ. ಫೋನಿನ ಪಕ್ಕ ರೆಕಾರ್ಡರ್, ನೋಟ್‌ಬುಕ್, ಗಡಿಯಾರ, ಮತ್ತು ದಪ್ಪ ಅಕ್ಷರದಲ್ಲಿ ಬರೆದ ಒಂದು ಚೀಟಿ: ಕೇಳು, ಬರೆದುಕೋ, ಒಪ್ಪಬೇಡ, ಪ್ರಶ್ನೆ ಕೇಳು, ಮುಂದಿನ ಕರೆ ಯಾವಾಗ.

ಒಂದು ಕರೆ ಹೀಗೆ ನಡೆಯಬಹುದು:

"ನಿನ್ನ ತಮ್ಮ ನಮ್ಮ ಹತ್ರ ಇದ್ದಾನೆ. ಪೊಲೀಸ್‌ಗೆ ಹೋದ್ರೆ ಹೆಣ ಬರುತ್ತೆ. ನಾಳೆ ಸಂಜೆಯೊಳಗೆ ದುಡ್ಡು ರೆಡಿ ಇರ್ಬೇಕು."

"ಕೇಳಿಸ್ಕೊಂಡೆ ಸರ್. ಅವನು ಹುಷಾರಾಗಿದ್ದಾನಾ? ಅವನಿಗೆ ದಿನಾ ಬಿಪಿ ಮಾತ್ರೆ ಬೇಕು."

"ದುಡ್ಡಿನ ಮಾತಾಡು."

"ಮಾತಾಡೋಣ. ನೀವು ಹೇಳಿದ್ದನ್ನ ಮನೆಯವರಿಗೆ ಮುಟ್ಟಿಸ್ತೀನಿ. ಅವರು ಮೊದಲು ಕೇಳೋದೇ ಅವನು ಹೇಗಿದ್ದಾನೆ ಅಂತ. ಚಿಕ್ಕವನಿದ್ದಾಗ ಕೈ ಮುರ್ಕೊಂಡಾಗ ಅವನ ಜೊತೆ ಯಾರಿದ್ರು ಅಂತ ಅವನನ್ನೇ ಕೇಳಿ ಹೇಳಿ."

"ಏನು, ಆಟ ಆಡ್ತಿದೀಯಾ?"

"ಇಲ್ಲ ಸರ್. ಆ ಉತ್ತರ ಇದ್ರೆ ದುಡ್ಡು ಕೇಳೋಕೆ ನನಗೂ ಬಾಯಿ ಬರುತ್ತೆ. ಮತ್ತೆ ಎಷ್ಟೊತ್ತಿಗೆ ಫೋನ್ ಮಾಡ್ತೀರಾ?"

ಇದರಲ್ಲಿ ಬೈಗುಳ ಇಲ್ಲ, ಅಳು ಇಲ್ಲ, ಆಗಲ್ಲ ಅನ್ನುವ ಮಾತೂ ಇಲ್ಲ, ಒಪ್ಪಿಗೆಯೂ ಇಲ್ಲ. ಅವನು ಏಕವಚನದಲ್ಲಿ ಮಾತಾಡಿದರೂ ಇವರು ಬಹುವಚನ ಬಿಟ್ಟಿಲ್ಲ. ನಾಳೆ ಸಂಜೆ ಅನ್ನುವ ಗಡುವಿನ ಬಗ್ಗೆ ಮಾತೇ ಎತ್ತಿಲ್ಲ. ಗಡುವು ಕೊಡುವುದು ಹೆದರಿಸಲಿಕ್ಕೆ, ಮಾತು ನಡೆಯುತ್ತಿದ್ದರೆ ಬಹಳಷ್ಟು ಗಡುವುಗಳು ಸದ್ದಿಲ್ಲದೆ ದಾಟಿಹೋಗುತ್ತವೆ.

ಕೈ ಮುರಿದಾಗ ಜೊತೆಗೆ ಯಾರಿದ್ದರು ಅನ್ನುವಂಥ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಅನ್ನುವುದಕ್ಕೆ 1932ರ ಲಿಂಡ್‌ಬರ್ಗ್ ಪ್ರಕರಣ ನೋಡಿ. ಅಮೆರಿಕದ ವಿಮಾನಯಾನಿಯ ಪುಟ್ಟ ಮಗು ಮಾರ್ಚ್ 1ರಂದು ಮನೆಯಿಂದಲೇ ಕಾಣೆಯಾಯಿತು. ಪುರಾವೆ ಅಂತ ಮಗು ಮಲಗುವಾಗ ಹಾಕಿದ್ದ ಬಟ್ಟೆ ಬಂತು. ಅದನ್ನು ನಂಬಿ ಏಪ್ರಿಲ್‌ನಲ್ಲಿ 50,000 ಡಾಲರ್ ಕೊಟ್ಟರು. ಮೇ 12ರಂದು ಮಗುವಿನ ಶವ ಮನೆಗೆ ಸ್ವಲ್ಪ ದೂರದಲ್ಲೇ ಸಿಕ್ಕಿತು, ಸತ್ತು ಆಗಲೇ ಬಹಳ ದಿನ ಆಗಿತ್ತು. ಬಟ್ಟೆ, ವಾಚು, ಐಡಿ ಕಾರ್ಡು ಇವೆಲ್ಲ ಆ ವ್ಯಕ್ತಿ ಅವರ ಕೈಗೆ ಸಿಕ್ಕಿದ್ದಾರೆ ಅಂತಷ್ಟೇ ಹೇಳುತ್ತವೆ. ಬದುಕಿದ್ದಾರೆ ಅಂತ ಹೇಳುವುದು ಹೊಸ ಪ್ರಶ್ನೆಗೆ ಬಂದ ಹೊಸ ಉತ್ತರ. ದುಡ್ಡು ಕೊಡುವ ಮುಂಚೆ ಇದನ್ನು ಇನ್ನೊಮ್ಮೆ ಕೇಳಿ.

ಇನ್ನೊಂದು ಮಾತು: ಪೂರ್ತಿ ನಕಲಿ ಅಪಹರಣ ಈಗ ಜಾಸ್ತಿಯಾಗಿದೆ. ಯಾರನ್ನೂ ಹಿಡಿದಿರುವುದಿಲ್ಲ, ಹಿಂದೆ ಅಳುವ ದನಿ ಕೇಳಿಸುತ್ತಾರೆ, ಎಐ ಬಳಸಿ ನಿಮ್ಮ ಮಗಳ ದನಿಯನ್ನೇ ತದ್ರೂಪ ಮಾಡಿರಬಹುದು. ಇದರ ಗುರುತು ಅಂದರೆ ಫೋನ್ ಇಡಲು ಬಿಡುವುದಿಲ್ಲ, ಈಗಲೇ ವರ್ಗಾಯಿಸು ಅನ್ನುತ್ತಾರೆ. ಕರೆ ಹಾಗೇ ಇರಲಿ, ಪಕ್ಕದವರಿಗೆ ಚೀಟಿ ಬರೆದು ಕೊಟ್ಟು ಇನ್ನೊಂದು ಫೋನಿನಿಂದ ಮಗಳಿಗೇ ಕರೆ ಮಾಡಿಸಿ.

ಹಂತ 6: ಚೌಕಾಸಿ

ಕೇಳಿದ್ದನ್ನು ಒಂದೇ ಏಟಿಗೆ ಕೊಟ್ಟುಬಿಟ್ಟರೆ ಬೇಗ ಬಿಡುತ್ತಾರೆ ಅಂತ ಅನ್ನಿಸುವುದು ಸಹಜ. ಆಗುವುದು ಉಲ್ಟಾ. ಇಷ್ಟು ಬೇಗ ಕೊಟ್ಟವರ ಹತ್ತಿರ ಇನ್ನೂ ಇದೆ ಅಂತ ಅವರಿಗೆ ಅನ್ನಿಸುತ್ತದೆ, ಎರಡನೇ ಬೇಡಿಕೆ ಬರುತ್ತದೆ.

ಹಾಗಂತ ಖಡಾಖಂಡಿತ ಇಲ್ಲ ಅನ್ನುವುದೂ ಚೌಕಾಸಿ ಅಲ್ಲ. 1973ರ ಜುಲೈನಲ್ಲಿ ರೋಮ್‌ನಲ್ಲಿ 16 ವರ್ಷದ ಪಾಲ್ ಗೆಟ್ಟಿಯನ್ನು ಎತ್ತಿಕೊಂಡು ಹೋಗಿ 1.7 ಕೋಟಿ ಡಾಲರ್ ಕೇಳಿದರು. ಎಣ್ಣೆ ದೊರೆ ತಾತ ಒಂದು ಬಿಡಿಗಾಸೂ ಕೊಡಲ್ಲ, ಕೊಟ್ಟರೆ ಉಳಿದ 14 ಮೊಮ್ಮಕ್ಕಳಿಗೂ ಅದೇ ಗತಿ ಅಂದ. ನವೆಂಬರ್‌ನಲ್ಲಿ ಹುಡುಗನ ಕತ್ತರಿಸಿದ ಕಿವಿ ಅಂಚೆಯಲ್ಲಿ ಒಂದು ಪತ್ರಿಕೆಯ ಕಚೇರಿಗೆ ಬಂತು. ಕೊನೆಗೆ ಮೊದಲ ಬೇಡಿಕೆಯ ಒಂದು ಸಣ್ಣ ಪಾಲು ಕೊಟ್ಟು ಡಿಸೆಂಬರ್‌ನಲ್ಲಿ ಬಿಡಿಸಿಕೊಂಡರು. ತಾತನ ವಾದದಲ್ಲಿ ಅರ್ಥ ಇರಬಹುದು, ಆದರೆ ಬಾಗಿಲು ಪೂರ್ತಿ ಮುಚ್ಚಿದರೆ ಎದುರಿನವರಿಗೆ ಹಿಂಸೆ ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ.

ನಡುವಿನ ದಾರಿ ಹೀಗೆ. ನಿಜಕ್ಕೂ ಕೈಯಲ್ಲಿರುವ ದುಡ್ಡಿನಿಂದ ಶುರು ಮಾಡಿ, ಪ್ರತಿ ಸಲವೂ ಮೊದಲಿಗಿಂತ ಕಡಿಮೆ ಏರಿಸುತ್ತಾ ಹೋಗಿ, ಎರಡು ಏರಿಕೆಗಳ ನಡುವಿನ ಹೊತ್ತು ಜಾಸ್ತಿಯಾಗುತ್ತಾ ಹೋಗಲಿ. ಮೊದಲು 100 ಅಂದರೆ ಆಮೇಲೆ 140, ಆಮೇಲೆ 160, 168, 171. ಬಟ್ಟೆ ಹಿಂಡಿದಾಗ ಕೊನೆಗೆ ಹನಿ ಹನಿಯಾಗಿ ನೀರು ಬರುವ ಹಾಗೆ. ಇನ್ನು ಹಿಂಡಿದರೂ ಬರುವುದಿಲ್ಲ ಅಂತ ಅವರಿಗೇ ಅನ್ನಿಸಬೇಕು. 171 ಅನ್ನುವಂಥ ಬಿಡಿ ಸಂಖ್ಯೆಯೂ ಬೇಕೆಂದೇ. ಸೊನ್ನೆಯಲ್ಲಿ ಮುಗಿಯುವ ಸಂಖ್ಯೆ ಕೇಳಿದರೆ ಬಾಯಿಗೆ ಬಂದದ್ದು ಅನ್ನಿಸುತ್ತದೆ, ಬಿಡಿ ಸಂಖ್ಯೆ ಅಲ್ಲಿ ಇಲ್ಲಿ ಸಾಲ ಮಾಡಿ ಹೊಂದಿಸಿದ್ದು ಅನ್ನಿಸುತ್ತದೆ. ಪ್ರತಿ ಏರಿಕೆಗೂ ಒಂದು ಕಾರಣ ಇರಲಿ: ಗಾಡಿ ಮಾರಿದೆವು, ಒಡವೆ ಅಡ ಇಟ್ಟೆವು. ಸುಳ್ಳು ಕಡಿಮೆ ಇರಲಿ, ಒಳಗಿರುವವರನ್ನು ಕೇಳಿ ಅವರು ತಾಳೆ ನೋಡುತ್ತಾರೆ.

ನಡುವೆ ಹಲವು ದಿನ ಫೋನೇ ಬರದಿರಬಹುದು. ಅದು ಮನೆಯವರಿಗೆ ಅತಿ ಕಷ್ಟದ ಕಾಲ, ಆಗಲೇ ಯಾರೋ ಒಬ್ಬರು ತಡೆಯಲಾರದೆ ಬೇರೆ ನಂಬರಿನಿಂದ ಕರೆ ಮಾಡಿ "ಎಷ್ಟಾದರೂ ಕೊಡ್ತೀವಿ" ಅಂದುಬಿಡುತ್ತಾರೆ. ಮೌನವೂ ಅಪಹರಣಕಾರರ ಚೌಕಾಸಿಯ ಭಾಗ ಅಂತ ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡಿ.

ಕಾನೂನನ್ನೂ ವಕೀಲರ ಹತ್ತಿರ ಕೇಳಿಕೊಳ್ಳಿ, ಯಾಕೆಂದರೆ ದೇಶದಿಂದ ದೇಶಕ್ಕೆ ಇದು ಬೇರೆ. ಇಟಲಿಯಲ್ಲಿ 1991ರಿಂದ ಅಪಹರಣ ಆದವರ ಕುಟುಂಬದ ಆಸ್ತಿಯನ್ನೇ ತಡೆಹಿಡಿಯುವ ಕಾನೂನಿದೆ. ಭಯೋತ್ಪಾದಕ ಗುಂಪುಗಳಿಗೆ ಒತ್ತೆಹಣ ಹೋಗದಂತೆ ತಡೆಯಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2014ರಲ್ಲಿ 2133ನೇ ನಿರ್ಣಯ ಮಾಡಿದೆ, ಅಂಥ ಗುಂಪಿಗೆ ಕೊಡುವುದು ಹಲವು ಕಡೆ ಅಪರಾಧ. ಅಪಹರಣದ ವಿಮೆ ಇದ್ದರೆ ಕೂಡಲೇ ಆ ಕಂಪನಿಗೆ ತಿಳಿಸಿ. ಅವರಿಂದ ಆಗುವ ದೊಡ್ಡ ಉಪಕಾರ ದುಡ್ಡಿಗಿಂತ ಅನುಭವಿ ಸಂಧಾನಕಾರರನ್ನು ಕಳಿಸುವುದು. ವಿಮೆ ಇದೆ ಅನ್ನುವುದು ಹೊರಗೆ ಗೊತ್ತಾಗಬಾರದು. ಅಪಹರಣ ಆಗುವ ಮುಂಚೆಯೂ ಆಗಬಾರದು.

ಹಂತ 7: ಹಣ ತಲುಪಿಸುವುದು

ಕೊಡುವುದು ಅಂತ ತೀರ್ಮಾನವಾಗಿದ್ದರೆ ನೋಟಿನ ನಂಬರ್‌ಗಳನ್ನೆಲ್ಲ ಫೋಟೋ ತೆಗೆದಿಡಿ. ಲಿಂಡ್‌ಬರ್ಗ್ ಪ್ರಕರಣದ ಆರೋಪಿ ಎರಡು ವರ್ಷದ ಮೇಲೆ 1934ರಲ್ಲಿ ಸಿಕ್ಕಿದ್ದು ಪೆಟ್ರೋಲ್ ಬಂಕ್‌ನಲ್ಲಿ ಕೊಟ್ಟ ಅಂಥದೇ ಒಂದು ನೋಟಿನಿಂದ. ಒಯ್ಯುವವರು ಮನೆಯವರಾಗಬಾರದು, ಅವರನ್ನೂ ಹಿಡಿದುಕೊಂಡರೆ ಗತಿಯೇನು? ರೀಮ್ಟ್ಸ್‌ಮಾ ಪ್ರಕರಣದಲ್ಲಿ ಎರಡು ಸಲ ಹಣ ಕೊಡುವ ಪ್ರಯತ್ನ ಕೆಟ್ಟುಹೋಗಿ, ಕೊನೆಗೆ ತಲುಪಿಸಿದವರು ಒಬ್ಬ ಪಾದ್ರಿ ಮತ್ತು ಒಬ್ಬ ಪ್ರಾಧ್ಯಾಪಕರು. 33 ದಿನದ ಮೇಲೆ ರೀಮ್ಟ್ಸ್‌ಮಾ ಹೊರಬಂದರು. ದಾರಿ, ಗಾಡಿ, ಯಾರು ಬರುತ್ತಾರೆ, ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಎಲ್ಲಿ ಬಿಡುತ್ತೀರಿ, ಇದೆಲ್ಲವನ್ನೂ ಅಪಹರಣಕಾರರ ಬಾಯಿಂದಲೇ ಹೇಳಿಸಿ, ಬರೆದುಕೊಂಡು, ಓದಿ ಹೇಳಿ. ಕೊಟ್ಟ ಕೂಡಲೇ ಬಿಡುವುದಿಲ್ಲ. ದುಡ್ಡು ಎಣಿಸಿ, ತಾವು ದೂರ ಹೋಗಿ, ಆಮೇಲೆ ಬಿಡುತ್ತಾರೆ. ಒಂದೆರಡು ದಿನವೂ ಆಗಬಹುದು.

ಹಂತ 8: ದಾಳಿ, ಬಿಡುಗಡೆ, ಆಮೇಲೆ

ಒಳಗಿರುವಾಗ ಗುಂಡಿನ ಸದ್ದು ಕೇಳಿದರೆ ಅಂಗಾತವಲ್ಲ, ಬೋರಲಾಗಿ ನೆಲಕ್ಕೆ ಮಲಗಿ. ಕೈ ಖಾಲಿ ಇರಲಿ, ಕಾಣುವಂತಿರಲಿ. ಎದ್ದು ಪೊಲೀಸರ ಕಡೆ ಓಡಬೇಡಿ, ಬಿದ್ದ ಆಯುಧ ಎತ್ತಿಕೊಳ್ಳಬೇಡಿ. ಅವರಿಗೆ ಯಾರು ಯಾರು ಅಂತ ಗೊತ್ತಿರುವುದಿಲ್ಲ, ನಿಮ್ಮನ್ನೂ ಕೆಡವಿ ಕೈ ಕಟ್ಟಬಹುದು. ಸುಮ್ಮನೆ ಹೆಸರು ಹೇಳಿ, ಹೇಳಿದಂತೆ ಮಾಡಿ.

ಎಲ್ಲೋ ರಸ್ತೆ ಬದಿ ಇಳಿಸಿ ಹೋದರೆ, ಹಿಂದೆ ತಿರುಗಿ ನೋಡದೆ ಬೆಳಕು ಕಂಡ ಕಡೆ ನಡೆಯಿರಿ.

ವಾಪಸ್ ಬಂದವರನ್ನು ಮೊದಲು ವೈದ್ಯರಿಗೆ ತೋರಿಸಿ, ಹೊರಗೆ ಗಾಯ ಕಾಣದಿದ್ದರೂ. ಆಮೇಲೆ ಪೊಲೀಸರ ಜೊತೆ ಮಾತು, ನೆನಪು ಹಸಿಯಾಗಿರುವಾಗಲೇ. ನೆಂಟರಿಷ್ಟರ ಸಾಲು ಕೆಲವು ವಾರ ತಡೆಯಲಿ. "ಯಾಕೆ ಓಡಿಹೋಗಲಿಲ್ಲ" ಅಂತ ಯಾರೂ ಕೇಳಬಾರದು. ಕಾವಲಿನವನ ಬಗ್ಗೆ ಒಂದು ಒಳ್ಳೆಯ ಮಾತು ಅವರ ಬಾಯಲ್ಲಿ ಬಂದರೂ ಬೆಚ್ಚಿಬೀಳಬೇಡಿ, ಅಲ್ಲಿ ಮಾತಾಡಿಸಿದ್ದು ಅವನೊಬ್ಬನೇ ಇರಬಹುದು. ನಿದ್ದೆ ಬಾರದಿರುವುದು, ಬಾಗಿಲ ಸದ್ದಿಗೆ ಬೆಚ್ಚುವುದು ತಿಂಗಳು ಕಳೆದರೂ ಹಾಗೇ ಇದ್ದರೆ ಮನೋವೈದ್ಯರ ಹತ್ತಿರ ಹೋಗಿ. ಮಾತಾಡಿದವರು, ದುಡ್ಡು ಹೊಂದಿಸಿದವರು, ಫೋನಿನ ಪಕ್ಕ ರಾತ್ರಿಯೆಲ್ಲ ಕೂತವರು ಇವರಿಗೂ ಇದೇ ತೊಂದರೆ ಬರುತ್ತದೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಫೋನ್ ನಂಬರ್, ಮನೆಯ ಬೀಗ, ಬ್ಯಾಂಕಿನ ಪಾಸ್‌ವರ್ಡ್‌ಗಳನ್ನೆಲ್ಲ ಅದೇ ವಾರ ಬದಲಿಸಿ. ಲಕೋಟೆಯಲ್ಲಿರುವ ಮೂರು ಪ್ರಶ್ನೆಗಳನ್ನೂ ಬದಲಿಸಿ, ಹಳೆಯವು ಈಗ ಅಪಹರಣಕಾರರಿಗೂ ಗೊತ್ತು.